ಹಳೆಯ ಕಾರಿನ ಡಿಫರೆನ್ಷಿಯಲ್ ಕೂಗಿದರೆ ಹಲ್ಲು ಬದಲಾಯಿಸುವ ಮೊದಲು

ಹಳೆಯ ಅಂಬಾಸಡರ್‌ನ ಹಿಂಭಾಗ ಕೂಗಲು ಶುರುವಾದ ಕೂಡಲೇ ಮಾಲೀಕರು ಕೇಳುವುದು ಒಂದೇ ಪ್ರಶ್ನೆ: "ಕ್ರೌನ್ ಪಿನಿಯನ್ ಸೆಟ್ ಎಲ್ಲಿ ಸಿಗುತ್ತದೆ?" ಡಿಫರೆನ್ಷಿಯಲ್ ಎಂದರೆ ಇಂಜಿನ್ನಿನ ತಿರುಗುವ ಬಲವನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಗೇರ್ ಜೋಡಣೆ. ಗೇರ್‌ಬಾಕ್ಸಿನಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ ತಿರುಗಿಸುವ ಸಣ್ಣ ಗೇರ್ ಪಿನಿಯನ್, ಅದು ತಿರುಗಿಸುವ ದೊಡ್ಡ ಗೇರ್ ಕ್ರೌನ್. ಸೆಟ್ಟಿನ ಮಾತು ಆಮೇಲೆ. ಆ ಹಲ್ಲುಗಳನ್ನು ಅವುಗಳ ಜಾಗದಲ್ಲಿ ಹಿಡಿದಿಟ್ಟಿರುವ ಬೇರಿಂಗ್, ವಾಷರ್, ನಟ್‌ಗಳನ್ನು ಮೊದಲು ನೋಡಬೇಕು. ಡಿಫರೆನ್ಷಿಯಲ್‌ನ ಹಲ್ಲು ತಾನಾಗಿಯೇ ಸವೆದು ಹಾಳಾಗುವುದು ಕಡಿಮೆ. ಬೇರಿಂಗ್ ಸಡಿಲವಾಗಿ, ಹಲ್ಲುಗಳು ಕೂಡುವ ಜಾಗ ಕೂದಲೆಳೆಯಷ್ಟು ಸರಿದ ಮೇಲೆ ಹಲ್ಲಿಗೆ ಪೆಟ್ಟು ಬೀಳುತ್ತದೆ. ಹಳೆಯ ಬೇರಿಂಗ್ ಮೇಲೆ ಹೊಸ ಹಲ್ಲು ಕೂರಿಸಿಕೊಂಡು ಹೋದವರು ಮತ್ತೆ ಬಂದೇ ಬರುತ್ತಾರೆ.

ನನ್ನ ಷೆಡ್ ಹಾಸನದಲ್ಲಿದೆ. ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರಿನ ತೋಟದ ಮನೆಗಳಲ್ಲಿ ಟಾರ್ಪಾಲಿನ ಕೆಳಗೆ ನಿಂತಿದ್ದ ಕಾರುಗಳು ಈಗ ಒಂದೊಂದಾಗಿ ಹೊರಗೆ ಬರುತ್ತಿವೆ. ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ವಾಹನಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ‘ವಿಎ’ ಸರಣಿಯ ನೋಂದಣಿ ತಂದ ಮೇಲೆ ಈ ಹುರುಪು ಇನ್ನಷ್ಟು ಏರಿದೆ ಎಂದು ನನಗೆ ಅನ್ನಿಸುತ್ತದೆ. ಇಲ್ಲಿ ಬರೆಯುವುದು ಹೆಚ್ಚಾಗಿ ಅಂಬಾಸಡರ್, ಅದಕ್ಕೂ ಹಿಂದಿನ ಲ್ಯಾಂಡ್‌ಮಾಸ್ಟರ್, ಇವೆರಡಕ್ಕೂ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ಕುರಿತು. ಫೋರ್ಡ್ ಮಾಡೆಲ್ ಟಿ ಇಟ್ಟುಕೊಂಡಿರುವವರಿಗೆ ಬೇರೆಯೇ ಒಂದು ಎಚ್ಚರಿಕೆ ಇದೆ. ಅದನ್ನು ಅವರು ಬಿಡದೆ ಓದಬೇಕು.

ಬಿಚ್ಚುವ ಮೊದಲು ಕೇಳಿ

ಮೊದಲ ಅನುಮಾನ ಟೈರಿನ ಮೇಲಿರಲಿ. ನುಣುಪಾದ ಡಾಂಬರಿನಿಂದ ಒರಟು ರಸ್ತೆಗೆ ಹೋದಾಗ ಸದ್ದು ಬದಲಾದರೆ ಅದು ಟೈರಿನದು. ಡಿಫರೆನ್ಷಿಯಲ್‌ಗೆ ರಸ್ತೆ ಯಾವುದಾದರೂ ಒಂದೇ. ಅದು ಮಾತು ಕೇಳುವುದು ಆಕ್ಸಿಲರೇಟರ್‌ದು ಮಾತ್ರ.

ಖಾಲಿ ರಸ್ತೆಯಲ್ಲಿ ಟಾಪ್ ಗೇರಿನಲ್ಲಿ 50 ಕಿಲೋಮೀಟರ್ ವೇಗಕ್ಕೆ ಬನ್ನಿ. ಆಕ್ಸಿಲರೇಟರ್ ಸ್ವಲ್ಪ ಒತ್ತಿ ಕೇಳಿ, ಪೂರ್ತಿ ಬಿಟ್ಟು ಕೇಳಿ. ಒತ್ತಿದಾಗ ಕೂಗಿದರೆ ಹಲ್ಲಿನ ಎಳೆಯುವ ಮುಖದಲ್ಲಿ ತೊಂದರೆ. ಬಿಟ್ಟಾಗ ಕೂಗಿದರೆ ಹಿಂಬದಿಯ ಮುಖದಲ್ಲಿ. ಅಲ್ಲಿ ಬಹುತೇಕ ಪಿನಿಯನ್‌ನ ಬೇರಿಂಗ್ ಸವೆದಿರುತ್ತದೆ, ಇಲ್ಲವೇ ಅದರ ನಟ್ ಸಡಿಲವಾಗಿರುತ್ತದೆ. ನಮ್ಮ ಕಡೆಯ ಕಾರುಗಳಲ್ಲಿ ಬಿಟ್ಟಾಗಿನ ಈ ಕೂಗೇ ಹೆಚ್ಚು. ಶಿರಾಡಿ, ಚಾರ್ಮಾಡಿ ಇಳಿಯುವಾಗ ಬ್ರೇಕ್ ಉಳಿಸಲು ಗೇರಿನಲ್ಲೇ ಕಾರನ್ನು ತಡೆಯುತ್ತೇವೆ. ಅದು ಸರಿಯಾದ ರೂಢಿಯೇ, ಬಿಡಬೇಡಿ. ಆದರೆ ಅಷ್ಟೂ ದೂರ ಹೊರೆ ಬೀಳುವುದು ಹಲ್ಲಿನ ಹಿಂಬದಿಗೆ.

ತಿರುವಿನಲ್ಲಿ ಮಾತ್ರ ಸದ್ದು ಬಂದರೆ, ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಒಳಗಿನ ಸಣ್ಣ ಗೇರ್‌ಗಳಾದ ಸ್ಟಾರ್ ಗೇರ್, ಸೈಡ್ ಗೇರ್ ಅಥವಾ ಅವುಗಳ ವಾಷರ್. ನೇರವಾಗಿ ಹೋಗುವಾಗ ಇವು ತಮ್ಮತಮ್ಮಲ್ಲಿ ಸುತ್ತುವುದೇ ಇಲ್ಲ. ಆದ್ದರಿಂದ ನೇರ ರಸ್ತೆಯ ಕೂಗಿಗೆ ಇವನ್ನು ದೂರಬೇಡಿ. ಕ್ಲಚ್ ಬಿಟ್ಟಾಗ ‘ಠಕ್’ ಎಂದರೆ ಮೊದಲು ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ತುದಿಯ ಕೀಲು) ನೋಡಿ, ಆಮೇಲೆ ಡಿಫರೆನ್ಷಿಯಲ್ ಕಡೆಗೆ ಬನ್ನಿ. ಲೆಕ್ಕ ಹಿಡಿದಂತೆ ‘ಟಿಕ್ ಟಿಕ್’ ಎಂದರೆ ಹಲ್ಲು ಚೂರಾಗಿದೆ ಎಂದೇ ಹೆದರಬೇಕು. ಚಕ್ರದ ಸುತ್ತಿಗೆ ಒಂದು ಟಿಕ್ ಆದರೆ ಕ್ರೌನಿನ ಹಲ್ಲು. ಅದಕ್ಕಿಂತ ನಾಲ್ಕೈದು ಪಟ್ಟು ಬೇಗ ಬಂದರೆ ಪಿನಿಯನ್ ಹಲ್ಲು. ಕಾರನ್ನು ಅಲ್ಲೇ ನಿಲ್ಲಿಸಿ, ಎಳೆಸಿಕೊಂಡು ಬನ್ನಿ.

ಹಳೆಯ ಕಾರು ಕೊಳ್ಳಲು ಹೋದಾಗ ಹಿಂಭಾಗ ಅತಿ ಮೌನವಾಗಿದ್ದರೂ ಪ್ಲಗ್ ಬಿಚ್ಚಿ ಬೆರಳು ಹಾಕಿ ನೋಡಿ. ಮರದ ಹೊಟ್ಟು ಬೆರೆಸಿದ ಗ್ರೀಸ್ ತುಂಬಿ ಸದ್ದಡಗಿಸಿ ಮಾರುವ ಕುಯುಕ್ತಿ ಇನ್ನೂ ಸತ್ತಿಲ್ಲ.

ಬಿಚ್ಚದೆಯೇ ಮಾಡಬಹುದಾದ ಪರೀಕ್ಷೆ

ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಹಿಂದಿನ ಒಂದು ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕಿನ ಮೇಲೆ ನಂಬಿಕೆ ಇಟ್ಟು ಕೆಳಗೆ ಮಲಗಬೇಡಿ. ಪಿನಿಯನ್ ಫ್ಲ್ಯಾಂಜ್ (ಪ್ರೊಪೆಲ್ಲರ್ ಶಾಫ್ಟ್ ಬಂದು ಕೂಡುವ ತಟ್ಟೆ) ಹಿಡಿದು ಮೇಲೆ ಕೆಳಗೆ, ಹಿಂದೆ ಮುಂದೆ ಅಲುಗಾಡಿಸಿ. ಇಲ್ಲಿ ಕೈಗೆ ಅನುಭವವಾಗುವಷ್ಟು ಆಟ (ಸಡಿಲ ಅಲುಗಾಟ) ಇರಲೇಬಾರದು. ಇದ್ದರೆ ಬೇರಿಂಗ್ ಹೋಗಿದೆ. ಸುತ್ತುವ ದಿಕ್ಕಿನಲ್ಲಿ ಸ್ವಲ್ಪ ಆಟವಿರುವುದು ಮಾತ್ರ ಸಹಜ.

ನಿಮ್ಮ ಕಾರಿನಲ್ಲಿ ಯಾವ ಅನುಪಾತದ ಸೆಟ್ ಇದೆ ಎಂಬುದೂ ಹೀಗೆಯೇ ತಿಳಿಯುತ್ತದೆ. ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಬಿಡಿಸಿ, ಎತ್ತಿದ ಚಕ್ರವನ್ನು ಎರಡು ಪೂರ್ತಿ ಸುತ್ತು ತಿರುಗಿಸಿ. ಇನ್ನೊಂದು ಚಕ್ರ ನೆಲದ ಮೇಲೆ ನಿಂತಿರುವುದರಿಂದ ಈ ಎರಡು ಸುತ್ತಿಗೆ ಕ್ರೌನ್ ಒಂದೇ ಸುತ್ತು ಸುತ್ತುತ್ತದೆ. ಅಷ್ಟರಲ್ಲಿ ಫ್ಲ್ಯಾಂಜ್ ಎಷ್ಟು ಸುತ್ತಿತು ಎಂದು ಸೀಮೆಸುಣ್ಣದ ಗುರುತಿನಿಂದ ಎಣಿಸಿ. ನಾಲ್ಕೂವರೆಗಿಂತ ಕೊಂಚ ಹೆಚ್ಚಾದರೆ 9ಕ್ಕೆ 41 ಹಲ್ಲು, ಅಂದರೆ ಪಿನಿಯನ್ನಿಗೆ 9, ಕ್ರೌನಿಗೆ 41. ಐದಕ್ಕೆ ಸ್ವಲ್ಪ ಕಡಿಮೆಯಾದರೆ 8ಕ್ಕೆ 39. ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನ ಈ ಆಕ್ಸಲ್ ಕುಟುಂಬದಲ್ಲಿ 10ಕ್ಕೆ 43 ಕೂಡ ಇತ್ತು. ಗುಜರಿಗೆ ಹೋಗುವ ಮುನ್ನ ಈ ಲೆಕ್ಕ ನಿಮ್ಮ ಕೈಯಲ್ಲಿರಬೇಕು. 8/39 ಇದ್ದ ಕಾರಿಗೆ 9/41 ಹಾಕಿದರೆ ಸ್ಪೀಡೋಮೀಟರ್ 60 ತೋರಿಸುವಾಗ ಕಾರು 64ರಲ್ಲಿ ಓಡುತ್ತಿರುತ್ತದೆ, ಏರಿನಲ್ಲಿ ಇಂಜಿನ್ ಮುಕ್ಕರಿಯುತ್ತದೆ.

ಬಿಸಿ ಇರುವಾಗಲೇ ಆಯಿಲ್ ಇಳಿಸಿ, ಬಿಳಿ ಪಂಚೆಯ ತುಂಡಿನಲ್ಲಿ ಸೋಸಿ. ಬೆರಳಿಗೆ ಬೆಳ್ಳಿ ಬಣ್ಣದಂತೆ ಅಂಟುವ ನುಣ್ಣನೆಯ ಕೆಸರು ಸಾಮಾನ್ಯ. ಉಗುರಿಗೆ ಸಿಗುವ ಚಕ್ಕೆ ಸಾಮಾನ್ಯವಲ್ಲ. ಚಕ್ಕೆಗೆ ಆಯಸ್ಕಾಂತ ಹಿಡಿಯಿರಿ: ಅಂಟಿದರೆ ಉಕ್ಕು, ಅಂದರೆ ಹಲ್ಲು ಅಥವಾ ಬೇರಿಂಗ್. ಅಂಟದ ಹಳದಿ ಚೂರು ಕಂಚಿನ ವಾಷರಿನದು. ಆಯಿಲ್ ಕಡಿಮೆಯಾಗಿದ್ದರೆ, ಬ್ರೇಕ್ ಡ್ರಮ್ಮಿನೊಳಗೆ ಜಿಡ್ಡು ಕಂಡರೆ, ಡಿಫರೆನ್ಷಿಯಲ್ಲಿನ ಹೌಸಿಂಗ್ (ಹೊರಕವಚ) ಮೇಲಿನ ಗಾಳಿಯ ತೂತು ಮುಚ್ಚಿದೆಯೇ ನೋಡಿ. ತೋಟದ ಕೆಂಪು ಮಣ್ಣು ಅದನ್ನು ಚೆನ್ನಾಗಿ ಮುಚ್ಚುತ್ತದೆ. ಆಗ ಒಳಗೆ ಒತ್ತಡ ಏರಿ ಆಯಿಲ್ ಸೀಲ್ ದಾಟುತ್ತದೆ. ಮಾಲೀಕರು ಸೀಲ್ ಮೇಲೆ ಸೀಲ್ ಬದಲಾಯಿಸುತ್ತಾ ಇರುತ್ತಾರೆ.

ಬಿಚ್ಚುವಾಗ

ಅಂಬಾಸಡರ್‌ನದು ಬ್ಯಾಂಜೋ ಮಾದರಿಯ ಹೌಸಿಂಗ್. ಪ್ರೊಪೆಲ್ಲರ್ ಶಾಫ್ಟ್ ಕಳಚಿ, ಎರಡು ಆಕ್ಸಲ್ ಶಾಫ್ಟ್‌ಗಳನ್ನು ಹೊರಗೆಳೆದರೆ ಕ್ರೌನ್ ಪಿನಿಯನ್ ಹೊತ್ತ ಕ್ಯಾರಿಯರ್ ಇಡಿಯಾಗಿ ಮುಂದಕ್ಕೆ ಬರುತ್ತದೆ. ಭಾರ ಇದೆ, ಕೆಳಗೆ ಇನ್ನೊಬ್ಬರು ಇರಲಿ. ಫ್ಲ್ಯಾಂಜ್‌ಗಳ ಜೋಡಣೆಗೆ ಮೊದಲೇ ಗುರುತು ಹಾಕಿ. ಡ್ರಮ್ ತೆಗೆದಾಗ ಬರುವ ಧೂಳನ್ನು ಗಾಳಿಯಿಂದ ಊದಬೇಡಿ. ಹಳೆಯ ಲೈನರಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಕ್ಯಾರಿಯರ್ ಬೆಂಚಿನ ಮೇಲೆ ಬಂದ ಕೂಡಲೇ ಸ್ಪ್ಯಾನರ್ ಎತ್ತಿಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಈಗ ನಿಮ್ಮ ಮುಂದಿರುವುದು ಐವತ್ತು ವರ್ಷ ಆ ಹಲ್ಲುಗಳು ಹೇಗೆ ಕೂಡಿ ಓಡಿದವು ಎಂಬುದರ ಏಕೈಕ ದಾಖಲೆ. ಡಯಲ್ ಗೇಜ್ ಇಟ್ಟು ಕ್ರೌನಿನ ನಾಲ್ಕು ಕಡೆ ಹಲ್ಲಿನ ಆಟ ಅಳೆದು ಬರೆದುಕೊಳ್ಳಿ. ನಾಲ್ಕು ಅಳತೆಗಳಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ಕ್ರೌನ್ ಓರೆಯಾಗಿ ಕೂತಿದೆ ಎಂದು ಅರ್ಥ. ಬೋಲ್ಟ್ ಸಡಿಲವಾಗಿರಬಹುದು, ಅಡಿಯಲ್ಲಿ ಕಸ ಸಿಕ್ಕಿರಬಹುದು. ಆಮೇಲೆ ಏಳೆಂಟು ಹಲ್ಲುಗಳಿಗೆ ಪ್ರಶ್ಯನ್ ಬ್ಲೂ ಎಂಬ ನೀಲಿ ಬಣ್ಣ ತೆಳ್ಳಗೆ ಹಚ್ಚಿ, ಕ್ರೌನನ್ನು ಕೈಯಿಂದ ಸ್ವಲ್ಪ ತಡೆಹಿಡಿದು ಪಿನಿಯನ್ ತಿರುಗಿಸಿ, ಬಣ್ಣ ಅಳಿಸಿದ ಜಾಗದ ಫೋಟೋ ತೆಗೆಯಿರಿ. ಎರಡೂ ಮುಖದ್ದು.

ಬೇರಿಂಗ್ ಕ್ಯಾಪ್‌ಗಳಿಗೆ ಎಡಕ್ಕೆ ಒಂದು, ಬಲಕ್ಕೆ ಎರಡು ಪಂಚ್ ಗುರುತು ಹೊಡೆಯಿರಿ. ಅವನ್ನು ಕ್ಯಾರಿಯರ್ ಜೊತೆಗೇ ಕೂಡಿಸಿ ಕೊರೆದಿರುತ್ತಾರೆ, ಅದಲುಬದಲಾದರೆ ಬೇರಿಂಗ್ ಕೂರುವುದಿಲ್ಲ. ಶಿಮ್‌ಗಳು (ಅಂತರ ಹೊಂದಿಸಲು ಇಡುವ ತೆಳು ಲೋಹದ ಬಿಲ್ಲೆಗಳು) ಎಡ ಬಲ ಬೇರೆ ಬೇರೆ ತಂತಿಯಲ್ಲಿ ಪೋಣಿಸಿರಲಿ.

ಹಲ್ಲಿನ ಮುಖ ಓದುವುದು

ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿದು ನೋಡಿ. ಕನ್ನಡಿಯಂತೆ ಹೊಳೆಯುವ ಹಲ್ಲು ಒಳ್ಳೆಯ ಹಲ್ಲು. ಹೊಳಪು ಕಂಡು ಸವೆದಿದೆ ಎಂದುಕೊಳ್ಳಬೇಡಿ. ಸೂಜಿಮೊನೆಯಷ್ಟು ಚುಕ್ಕೆಗಳು ಅಲ್ಲಲ್ಲಿ ಇದ್ದರೆ ಕಾರು ಇನ್ನೂ ಬಹಳ ಕಾಲ ಓಡುತ್ತದೆ. ಚಕ್ಕೆ ಎದ್ದು ಕುಳಿಗಳಾಗಿದ್ದರೆ, ಜಾರಿದ ದಿಕ್ಕಿನಲ್ಲಿ ಗೀರುಗಳು ಬಿದ್ದಿದ್ದರೆ, ಬೆರಳಿನ ಉಗುರು ತಡೆಯುವಂಥ ಮೆಟ್ಟಿಲು ಮೂಡಿದ್ದರೆ ಆ ಜೋಡಿ ಮುಗಿಯಿತು. ಬಿರುಕು ಕಣ್ಣಿಗೆ ಕಾಣದಿದ್ದಾಗ ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿ, ಒರೆಸಿ ಒಣಗಿಸಿ, ಸೀಮೆಸುಣ್ಣದ ಪುಡಿ ಸವರಿ. ಬಿರುಕಿನೊಳಗಿನ ಎಣ್ಣೆ ಪುಡಿಯಲ್ಲಿ ಗೆರೆಯಾಗಿ ಮೂಡುತ್ತದೆ. ಕೆಂಪು ಬಿಳಿ ಸ್ಪ್ರೇ ಕಿಟ್ ಕೊಂಡರೆ ಇನ್ನೂ ಸ್ಪಷ್ಟ.

ಮುರಿದ ಹಲ್ಲಿಗೆ ವೆಲ್ಡಿಂಗ್ ತುಂಬಿ ಉಜ್ಜಿ ಕೊಡುತ್ತೇವೆ ಎನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಬೇಡ. ಈ ಹಲ್ಲುಗಳ ಮೇಲಿನ ತೆಳು ಪದರ ಮಾತ್ರ ಗಟ್ಟಿ, ಒಳಗಿನ ಉಕ್ಕು ಮೆದುವಾಗಿ ಪೆಟ್ಟು ತಾಳುವಂಥದು. ವೆಲ್ಡಿಂಗ್ ಶಾಖಕ್ಕೆ ಈ ವ್ಯವಸ್ಥೆಯೇ ಕೆಟ್ಟು ಪಕ್ಕದ ಹಲ್ಲೂ ಬಿರಿಯುತ್ತದೆ. ಅಂಚಿನ ಸಣ್ಣ ಮೊನೆಯನ್ನು ಆಯಿಲ್ ಸ್ಟೋನಿನಿಂದ ತೀಡಬಹುದು, ಅಷ್ಟೇ.

ಒಂದೇ ಹಲ್ಲು ಚೂರಾಗಿದ್ದರೂ ಪೂರ್ತಿ ಜೋಡಿ ಏಕೆ ಎಂದು ಕೇಳುತ್ತಾರೆ. 9 ಮತ್ತು 41ಕ್ಕೆ ಸಾಮಾನ್ಯ ಅಪವರ್ತನ ಇಲ್ಲ. ಪಿನಿಯನ್‌ನ ಒಂದು ಹಲ್ಲು ಕ್ರೌನಿನ ಅದೇ ಹಲ್ಲನ್ನು ಮತ್ತೆ ಮುಟ್ಟುವುದು 41 ಸುತ್ತಿನ ಮೇಲೆ; ಅಷ್ಟರೊಳಗೆ ಅದು ಎಲ್ಲ 41 ಹಲ್ಲುಗಳನ್ನೂ ಮುಟ್ಟಿ ಬಂದಿರುತ್ತದೆ. ಸವೆತ ಸಮನಾಗಿ ಹಂಚಿಹೋಗಲಿ ಎಂದೇ ಹಾಗೆ ಮಾಡಿದ್ದಾರೆ. ಅದೇ ಕಾರಣಕ್ಕೆ ಒಂದು ಕೆಟ್ಟ ಹಲ್ಲು ಎಲ್ಲಕ್ಕೂ ಗಾಯ ಮಾಡುತ್ತದೆ. ಕಾರ್ಖಾನೆಯಲ್ಲಿ ಕ್ರೌನ್ ಪಿನಿಯನ್ ಎರಡನ್ನೂ ಒಟ್ಟಿಗೆ ಉಜ್ಜಿ ಹೊಂದಿಸಿ ಒಂದೇ ಸಂಖ್ಯೆ ಕೆತ್ತುತ್ತಾರೆ. ಬೀಸುವ ಕಲ್ಲಿನ ಮೇಲಿನ ಕಲ್ಲನ್ನು ಒಂದು ಮನೆಯಿಂದ, ಕೆಳಗಿನದನ್ನು ಇನ್ನೊಂದು ಮನೆಯಿಂದ ತಂದರೆ ಹಿಟ್ಟು ಹೇಗೆ ಬರುತ್ತದೆಯೋ ಬೆರಕೆ ಜೋಡಿಯೂ ಹಾಗೆಯೇ. ಗುಜರಿಯಲ್ಲಿ ಸೆಟ್ ಕೊಳ್ಳುವಾಗ ಎರಡರ ಮೇಲಿನ ಸಂಖ್ಯೆ ಒಂದೇ ಇದೆಯೇ ಎಂದು ನೋಡಿಯೇ ದುಡ್ಡು ಕೊಡಿ.

ಹೊಸದಾಗಿ ಮಾಡಿಸುವ ಆಸೆಯಿಂದ ಪೀಣ್ಯಕ್ಕೆ ಹೋಗುವವರಿಗೆ ಒಂದು ಮಾತು. ಸ್ಟಾರ್ ಗೇರಿನಂಥ ನೇರ ಹಲ್ಲಿನ ಬೆವೆಲ್ ಗೇರ್‌ಗಳನ್ನು ಮಾದರಿ ಕೊಟ್ಟು ಮಾಡಿಸಬಹುದು. ಹೈಪಾಯ್ಡ್ ಜೋಡಿ, ಅಂದರೆ ಅಂಬಾಸಡರಿನ ಬಾಗಿದ ಹಲ್ಲಿನ ಕ್ರೌನ್ ಪಿನಿಯನ್, ಹಾಗಲ್ಲ. ಅದಕ್ಕೆ ಗ್ಲೀಸನ್ ಮಾದರಿಯ ವಿಶೇಷ ಯಂತ್ರ, ಜೋಡಿ ಜೋಡಿಯಾಗಿ ಉಜ್ಜುವ ವ್ಯವಸ್ಥೆ ಬೇಕು, ಒಂದೇ ಸೆಟ್‌ಗೆ ಯಾರೂ ಮನಸ್ಸು ಮಾಡುವುದಿಲ್ಲ. ಯಾವುದನ್ನೇ ಮಾಡಿಸಿದರೂ ಉಕ್ಕು ಇಎನ್ 36 ಅಥವಾ ಇಎನ್ 353 ದರ್ಜೆಯದು ಎಂದು ಬರೆಸಿಕೊಳ್ಳಿ, ಮೇಲ್ಪದರದ ಗಡಸುತನ ರಾಕ್‌ವೆಲ್ ಸಿ ಮಾಪನದಲ್ಲಿ 58ರಿಂದ 62 ಇರಲಿ.

ಮತ್ತೆ ಕೂರಿಸುವಾಗ

ಹಲ್ಲು ಚೆನ್ನಾಗಿದ್ದು ಬೇರಿಂಗ್ ಮಾತ್ರ ಹೋಗಿದ್ದರೆ ನಿಮ್ಮ ಗುರಿ ಒಂದೇ: ಹಲ್ಲುಗಳು ಹಳೆಯ ಜಾಗಕ್ಕೇ ಮರಳಬೇಕು. ಹಳೆಯ ಮತ್ತು ಹೊಸ ಬೇರಿಂಗ್‌ಗಳ ಎತ್ತರ ಮೈಕ್ರೋಮೀಟರಿನಲ್ಲಿ ಅಳೆಯಿರಿ. ಹೊಸದು ಎಷ್ಟು ಹೆಚ್ಚೋ ಅಷ್ಟು ಶಿಮ್ ಕಡಿಮೆ ಮಾಡಿ, ಕಡಿಮೆಯಿದ್ದರೆ ಸೇರಿಸಿ. ಇಲ್ಲಿ ಒಳ್ಳೆಯ ಕೆಲಸಗಾರರೂ ಎಡವುತ್ತಾರೆ. ಹೊಸ ಸೆಟ್‌ಗೆ ಹಲ್ಲಿನ ಆಟ ಐದಾರು ಥೌ (ಇಂಚಿನ ಸಾವಿರದ ಒಂದು ಭಾಗ ಒಂದು ಥೌ) ಎಂದು ಕೈಪಿಡಿಯಲ್ಲಿ ಓದಿ, ಹತ್ತು ಥೌ ಆಟದಲ್ಲಿ ಸದ್ದಿಲ್ಲದೆ ಓಡುತ್ತಿದ್ದ ಹಳೆಯ ಜೋಡಿಯನ್ನೂ ಅಷ್ಟಕ್ಕೇ ಬಿಗಿಯುತ್ತಾರೆ. ಸವೆಯದೆ ಉಳಿದಿದ್ದ ಅಂಚಿನ ಮೇಲೆ ಹಲ್ಲು ಕೂರುತ್ತದೆ, ಅಂದಿನಿಂದ ಕಾರು ಊಳಿಡುತ್ತದೆ. ಹಳೆಯ ಜೋಡಿಗೆ ಹಳೆಯ ಫೋಟೋವೇ ಪ್ರಮಾಣ.

ಹೊಸ ಜೋಡಿಗೆ ಮಾತ್ರ ಪೂರ್ತಿ ಹೊಂದಾಣಿಕೆ. ಈ ಆಕ್ಸಲ್‌ನಲ್ಲಿ ಪಿನಿಯನ್ ತಲೆಯ ಹಿಂದಿನ ದಪ್ಪ ವಾಷರ್ ಅದು ಎಷ್ಟು ಒಳಗೆ ಹೋಗಬೇಕು ಎಂಬುದನ್ನು ನಿರ್ಧರಿಸುತ್ತದೆ. ಎರಡು ಬೇರಿಂಗ್‌ಗಳ ನಡುವಿನ ಶಿಮ್ ಬಿಗಿಯನ್ನು ನಿರ್ಧರಿಸುತ್ತದೆ. ಬಿಗಿ ಅಳೆಯಲು ದುಬಾರಿ ಸಾಧನ ಬೇಡ. ಸೀಲ್ ಹಾಕದೆ ನಟ್ ಬಿಗಿದು, ಫ್ಲ್ಯಾಂಜಿಗೆ ದಾರ ಸುತ್ತಿ, ಸ್ಪ್ರಿಂಗ್ ತಕ್ಕಡಿಯಿಂದ ನಿಧಾನವಾಗಿ ಎಳೆಯಿರಿ. ಸುತ್ತುತ್ತಿರುವಾಗಿನ ತೂಕವನ್ನು ಓದಿ, ಹೊರಡುವಾಗಿನದನ್ನಲ್ಲ. ಹೊಸ ಬೇರಿಂಗ್‌ಗೆ 10ರಿಂದ 12 ಪೌಂಡ್ ಇಂಚು, ಅಂದರೆ ದಾರ ಸುತ್ತಿದ ಜಾಗದ ತ್ರಿಜ್ಯ 5 ಸೆಂಟಿಮೀಟರ್ ಇದ್ದರೆ ತಕ್ಕಡಿಯಲ್ಲಿ ಸುಮಾರು ಎರಡೂಕಾಲರಿಂದ ಎರಡೂಮುಕ್ಕಾಲು ಕಿಲೋ. ನಟ್ಟನ್ನು ಸಡಿಲಿಸಿ ಈ ತೂಕ ತರಬೇಡಿ, ಶಿಮ್ ಬದಲಿಸಿಯೇ ತನ್ನಿ. ಕ್ರೌನಿನ ಮೇಲೆ ಆಟದ ಅಳತೆ ಕೆತ್ತಿದ್ದರೆ ಅದೇ ಅಂತಿಮ.

ಮತ್ತೆ ನೀಲಿ ಹಚ್ಚಿ ನೋಡಿ. ಗುರುತು ಹಲ್ಲಿನ ನಡುವೆ, ಕೊಂಚ ಒಳತುದಿಯ ಕಡೆಗೆ ಬರಬೇಕು. ಪೂರ್ತಿ ಒಳತುದಿಗೆ ಬಂದರೆ ಕ್ರೌನನ್ನು ಪಿನಿಯನ್‌ನಿಂದ ದೂರ ಸರಿಸಿ. ಹೊರತುದಿಗೆ ಬಂದರೆ ಹತ್ತಿರ ತನ್ನಿ. ಹಲ್ಲಿನ ತಲೆಯ ಮೇಲೆ ಬಿದ್ದರೆ ಪಿನಿಯನ್ ಇನ್ನೂ ಒಳಗೆ ಹೋಗಬೇಕು. ಬುಡದಲ್ಲಿ ಬಿದ್ದರೆ ಹೊರಗೆ ಬರಬೇಕು. ಪಿನಿಯನ್ ಸರಿಸಿದಾಗಲೆಲ್ಲ ಆಟ ಬದಲಾಗುತ್ತದೆ, ಕ್ರೌನನ್ನೂ ಮತ್ತೆ ಹೊಂದಿಸಬೇಕು. ಅವಸರವಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಸ್ಟಾರ್ ಗೇರ್‌ಗಳ ವಿಷಯ ಇದರ ಮುಂದೆ ಸುಲಭ. ‘ಠಕ್’ ಸದ್ದಿನ ಕಾರುಗಳಲ್ಲಿ ನಾನು ಮೊದಲು ಬದಲಾಯಿಸುವುದು ಅವುಗಳ ಹಿಂದಿನ ವಾಷರ್. ಅಡ್ಡಪಿನ್ನಿನ ಮೇಲೆ ಗೀರು ಬಿದ್ದಿದ್ದರೆ ಅದನ್ನೂ ಬದಲಾಯಿಸಿ.

ಮಾಡೆಲ್ ಟಿ ಇರುವವರಿಗೆ

1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾದ ಈ ಕಾರಿನ ಡಿಫರೆನ್ಷಿಯಲ್‌ನ ಎರಡು ಬದಿಗೆ ಬ್ಯಾಬಿಟ್ ಎಂಬ ಮೆದು ಲೋಹದ, ಪಕ್ಕದ ಒತ್ತಡ ತಾಳುವ ಥ್ರಸ್ಟ್ ವಾಷರ್‌ಗಳಿವೆ. ವಯಸ್ಸಾದಂತೆ ಅವು ಒಣಗಿದ ರೊಟ್ಟಿಯಾಗದೆ ಉಳಿದಿರುವುದು ವಿರಳ, ಪುಡಿಯಾಗಿ ಉದುರುತ್ತವೆ. ಆಗ ಕ್ರೌನ್ ಪಕ್ಕಕ್ಕೆ ಸರಿದು ಪಿನಿಯನ್ ಕೈ ಬಿಡುತ್ತದೆ. ಇದು ಬರೀ ಸದ್ದಿನ ತೊಂದರೆಯಲ್ಲ. ಈ ಕಾರಿನ ಕಾಲುಬ್ರೇಕ್ ಇರುವುದು ಚಕ್ರದಲ್ಲಲ್ಲ, ಗೇರ್‌ಬಾಕ್ಸಿನಲ್ಲಿ. ತಡೆಯುವ ಬಲ ಚಕ್ರಕ್ಕೆ ತಲುಪಬೇಕಾದದ್ದು ಇದೇ ಪಿನಿಯನ್ ಮೂಲಕ. ಹಲ್ಲು ಬಿಟ್ಟ ಕ್ಷಣ ಬ್ರೇಕೂ ಹೋಯಿತು. ಕೈಬ್ರೇಕ್ ಹಿಂದಿನ ಡ್ರಮ್‌ಗಳಿಗೆ ಇದೆಯಾದರೂ ಅದು ನಿಂತ ಕಾರಿಗೆ ಸಾಕು, ಇಳಿಜಾರಿನಲ್ಲಿ ಓಡುವ ಕಾರಿಗಲ್ಲ.

ಆದ್ದರಿಂದ ಒಳಗೆ ಕಂಚಿನ ವಾಷರ್ ಇದೆ ಎಂದು ನೀವೇ ಕಣ್ಣಾರೆ ಕಂಡಿಲ್ಲವಾದರೆ ಕಾರನ್ನು ರಸ್ತೆಗೆ ತರಬೇಡಿ. ಇಳಿಸಿದ ಆಯಿಲ್‌ನಲ್ಲಿ ಆಯಸ್ಕಾಂತಕ್ಕೆ ಅಂಟದ ಬೂದು ಬಣ್ಣದ ಚೂರು ಕಂಡರೆ ಬ್ಯಾಬಿಟ್ ಉದುರಲು ಶುರುವಾಗಿದೆ. ಕಂಚಿನ ವಾಷರ್, 11ಕ್ಕೆ 40 ಹಲ್ಲಿನ ಜೋಡಿ ಇವತ್ತಿಗೂ ಅಮೆರಿಕದಲ್ಲಿ ಹೊಸದಾಗಿ ತಯಾರಾಗುತ್ತವೆ, ತರಿಸಿಕೊಳ್ಳಿ. ಜೋಡಿಸುವಾಗ ಕ್ರೌನ್ ಎಡಗಡೆಗೇ ಇರಲಿ. ಬಲಕ್ಕೆ ಕೂರಿಸಿದರೆ ಕಾರಿಗೆ ಹಿಂದಕ್ಕೆ ಎರಡು ಗೇರ್, ಮುಂದಕ್ಕೆ ಒಂದೇ.

ಆಯಿಲ್, ಮೊದಲ ಓಟ

ಹೈಪಾಯ್ಡ್ ಹಲ್ಲುಗಳು ಉರುಳುವುದರ ಜೊತೆಗೆ ಉದ್ದಕ್ಕೂ ಜಾರುತ್ತವೆ. ಆದ್ದರಿಂದ ಅಂಬಾಸಡರ್‌ಗೆ ಇಪಿ (ಅತಿ ಒತ್ತಡ ತಾಳುವ) 90 ಹೈಪಾಯ್ಡ್ ಆಯಿಲ್ ಬೇಕೇ ಬೇಕು. ಇಂಜಿನ್ ಆಯಿಲ್ ಸುರಿದು ಹಲ್ಲು ಗೀರಿಸಿಕೊಂಡ ಕಾರುಗಳನ್ನು ಕಂಡಿದ್ದೇನೆ. ಮಾಡೆಲ್ ಟಿಯ ನೇರ ಹಲ್ಲುಗಳಿಗೆ ಆ ಔಷಧ ಬೇಡ, ದಪ್ಪನೆಯ ಸಾದಾ ಖನಿಜ ಗೇರ್ ಆಯಿಲ್ ಸಾಕು. ಪ್ಲಗ್‌ನ ಮಟ್ಟ ಮೀರಿ ತುಂಬಿದರೆ ಹೆಚ್ಚಿನದು ಬ್ರೇಕ್ ಲೈನರಿಗೇ ಹೋಗುತ್ತದೆ.

ಮೊದಲ ಹದಿನೈದು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಪಿನಿಯನ್ ಮೂತಿ ಮುಟ್ಟಿ ನೋಡಿ. ಬೆಚ್ಚಗಿದ್ದು ಕೈ ಇಡಲು ಬಂದರೆ ಸರಿ. ಕೈ ಸುಟ್ಟರೆ ಬೇರಿಂಗ್ ಅತಿ ಬಿಗಿಯಾಗಿದೆ, ಮುಂದೆ ಓಡಿಸದೆ ಬಿಚ್ಚಿ. ಮೊದಲ 500 ಕಿಲೋಮೀಟರ್ ಘಾಟಿ, ಹೊರೆ, ಅತಿವೇಗ ಬೇಡ. ಆಮೇಲೆ ಆಯಿಲ್ ಬದಲಾಯಿಸಿ, ಅದೇ ಪಂಚೆ ತುಂಡಿನಲ್ಲಿ ಸೋಸಿ. ಯಾವುದೋ ಒಂದು ವೇಗದಲ್ಲಿ ಮಾತ್ರ ಸಣ್ಣಗೆ ಗುನುಗಿದರೆ ಬಿಟ್ಟುಬಿಡಿ. ಈ ಕಾರುಗಳು ಹೊಸದಾಗಿದ್ದಾಗಲೂ ಪೂರ್ತಿ ಮೌನವಾಗಿರಲಿಲ್ಲ.

ಶಿಮ್‌ಗಳ ದಪ್ಪ, ಹಲ್ಲಿನ ಆಟ, ಬೇರಿಂಗ್ ಸಂಖ್ಯೆ, ಸೆಟ್‌ನ ಕೆತ್ತಿದ ಸಂಖ್ಯೆ, ನೀಲಿ ಗುರುತಿನ ಫೋಟೋದ ಒಂದು ಪ್ರತಿ, ಇಷ್ಟನ್ನೂ ಕಾರಿನ ಆರ್‌ಸಿ ಜೊತೆಗೇ ಇಡಿ. ಮುಂದೆ ಆ ಹೌಸಿಂಗ್ ಬಿಚ್ಚುವವರಿಗೆ ಅಳತೆ ಕೆಲಸ ಅರ್ಧ ಕಡಿಮೆಯಾಗುತ್ತದೆ.